ಔಟ್‌ಬೋರ್ಡ್ ಎಂಜಿನ್‌ನ ಆಯಿಲ್: ಕಡ್ಡಿಯ ಅಳತೆ ತಪ್ಪುವುದೆಲ್ಲಿ?

ಉಡುಪಿ: ಮಂಗಳೂರಿನಿಂದ ಕಾರವಾರದವರೆಗಿನ ಕರಾವಳಿಯಲ್ಲಿ ನಾಡದೋಣಿಗೆ ಔಟ್‌ಬೋರ್ಡ್ ಎಂಜಿನ್ ಅಳವಡಿಸಿಕೊಂಡು ಮೀನುಗಾರಿಕೆ ನಡೆಸುವ ಕುಟುಂಬಗಳು ಸಾವಿರಾರು. ದಶಕಗಳ ಕಾಲ ಈ ದೋಣಿಗಳಲ್ಲಿ ಬಳಕೆಯಾದದ್ದು ಬಹುಪಾಲು ಸೀಮೆಎಣ್ಣೆಯಿಂದ ಓಡುವ ಟೂ ಸ್ಟ್ರೋಕ್ ಎಂಜಿನ್‌ಗಳು. ಸಹಾಯಧನದ ಸೀಮೆಎಣ್ಣೆಯ ಪೂರೈಕೆ ಅನಿಶ್ಚಿತವಾಗುತ್ತ ಬಂದ ಹಿನ್ನೆಲೆಯಲ್ಲಿ ಪೆಟ್ರೋಲ್ ಎಂಜಿನ್‌ಗಳತ್ತ ಹೊರಳುವ ಮಾತು ಮುನ್ನೆಲೆಗೆ ಬಂದಿತು. 2023ರ ರಾಜ್ಯ ಬಜೆಟ್‌ನಲ್ಲಿ ಸೀಮೆಎಣ್ಣೆ ಎಂಜಿನ್‌ಗಳ ಬದಲಾವಣೆಗೆ ನೆರವನ್ನೂ ಪ್ರಕಟಿಸಲಾಗಿತ್ತು.

ಈಗ ಮಾರುಕಟ್ಟೆಗೆ ಬರುವ ಪೆಟ್ರೋಲ್ ಔಟ್‌ಬೋರ್ಡ್‌ಗಳಲ್ಲಿ ಹೆಚ್ಚಿನವು ಫೋರ್ ಸ್ಟ್ರೋಕ್ ಮಾದರಿಯವು. ಇವು ಇಂಧನವನ್ನು ಮಿತವಾಗಿ ಬಳಸುತ್ತವೆ, ಹೊಗೆಯೂ ಕಡಿಮೆ. ಆದರೆ ಹಳೆಯ ಎಂಜಿನ್‌ನಲ್ಲಿ ಇಲ್ಲದಿದ್ದ ಒಂದು ಹೊಣೆಯನ್ನು ಇವು ಮಾಲೀಕನ ಮೇಲೆ ಹೊರಿಸುತ್ತವೆ. ಅದೇ ಎಂಜಿನ್‌ನೊಳಗಿನ ಆಯಿಲ್‌ನ ಮಟ್ಟವನ್ನು ನಿಯಮಿತವಾಗಿ ನೋಡುವ ಕೆಲಸ. ಕಡ್ಡಿ ಎಳೆದು ನೋಡುವುದು ಮೇಲ್ನೋಟಕ್ಕೆ ಸುಲಭವಾದರೂ ದೋಣಿಯ ಮೇಲೆ ಸರಿಯಾದ ಅಳತೆ ಸಿಗುವುದು ಅಷ್ಟು ಸುಲಭವಲ್ಲ. ತಪ್ಪು ಅಳತೆಯನ್ನು ನಂಬಿ ಆಯಿಲ್ ಸುರಿದರೂ ತೊಂದರೆ, ಸುರಿಯದಿದ್ದರೂ ತೊಂದರೆ. ಅಳಿವೆಯ ಬಾಯಲ್ಲಿ ಅಲೆ ಒಡೆಯುವ ಜಾಗದಲ್ಲಿ ಎಂಜಿನ್ ನಿಂತರೆ ದೋಣಿ ಅಡ್ಡಬಿದ್ದು ಮಗುಚುವ ಅಪಾಯವಿರುವುದರಿಂದ ಈ ವಿಷಯವು ಕೇವಲ ರಿಪೇರಿ ಖರ್ಚಿಗೆ ಸೀಮಿತವಾಗುವುದಿಲ್ಲ.

ಎಂಜಿನ್ ಯಾವ ಬಗೆಯದು?

ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಎಳೆದು ನೋಡುವ ಕಡ್ಡಿಯೇ ಇರುವುದಿಲ್ಲ. ಅದರ ಆಯಿಲ್ ಇಂಧನದೊಂದಿಗೇ ಬೆರೆತು ಒಳಗೆ ಹೋಗಿ, ಬೇರಿಂಗ್ ಮತ್ತು ಪಿಸ್ಟನ್‌ಗಳನ್ನು ತೋಯಿಸಿ, ಕೊನೆಗೆ ಇಂಧನದ ಜೊತೆ ಉರಿದುಹೋಗುತ್ತದೆ. ಇಲ್ಲಿ ಮುಖ್ಯವಾದುದು ಮಿಶ್ರಣದ ಪ್ರಮಾಣ. 50 ಪಾಲು ಇಂಧನಕ್ಕೆ 1 ಪಾಲು ಆಯಿಲ್ ಎಂದು ಕೈಪಿಡಿ ಹೇಳಿದ್ದರೆ ಲೀಟರಿಗೆ 20 ಮಿಲಿಲೀಟರ್, 10 ಲೀಟರಿಗೆ 200 ಮಿಲಿಲೀಟರ್ ಬೇಕು. 25ಕ್ಕೆ 1 ಎಂದಿದ್ದರೆ ಅದರ ಇಮ್ಮಡಿ. ಕೆಲವು ಟೂ ಸ್ಟ್ರೋಕ್ ಎಂಜಿನ್‌ಗಳಲ್ಲಿ ಆಯಿಲ್‌ಗೆ ಪ್ರತ್ಯೇಕ ಟ್ಯಾಂಕ್ ಇದ್ದು, ಪಂಪ್ ತಾನಾಗಿಯೇ ಬೆರೆಸುತ್ತದೆ. ಅಂಥವುಗಳಲ್ಲಿ ಟ್ಯಾಂಕಿನ ಮಟ್ಟವನ್ನು ಹೊರಗಿನಿಂದ ನೋಡಿದರೆ ಸಾಕು.

ಫೋರ್ ಸ್ಟ್ರೋಕ್ ಎಂಜಿನ್‌ನ ವ್ಯವಸ್ಥೆಯೇ ಬೇರೆ. ಕಾರು, ಬೈಕುಗಳಂತೆ ಇದರಲ್ಲಿ ಆಯಿಲ್ ಒಂದು ಸಂಪ್‌ನಲ್ಲಿ ಸಂಗ್ರಹವಾಗಿದ್ದು, ಪಂಪ್ ಅದನ್ನು ಮೇಲಕ್ಕೆತ್ತಿ ಎಲ್ಲ ಭಾಗಗಳಿಗೂ ಹರಿಸುತ್ತದೆ. ಕೆಲಸ ಮುಗಿಸಿದ ಆಯಿಲ್ ಮತ್ತೆ ಕೆಳಗಿಳಿದು ಸಂಪ್ ಸೇರುತ್ತದೆ. ಆದುದರಿಂದ ಅದರ ಪೆಟ್ರೋಲ್ ಟ್ಯಾಂಕಿಗೆ ಆಯಿಲ್ ಬೆರೆಸಬಾರದು. ಹಳೆಯ ರೂಢಿಯಂತೆ ಬೆರೆಸಿದರೆ ಪ್ಲಗ್ ಮಸಿ ಹಿಡಿಯುತ್ತದೆಯೇ ಹೊರತು ಸಂಪ್‌ನಲ್ಲಿರುವ ಆಯಿಲ್ ಹೆಚ್ಚುವುದಿಲ್ಲ. ಮುಂದೆ ಹೇಳುವ ಅಳತೆಯ ಕ್ರಮವೆಲ್ಲ ಈ ಫೋರ್ ಸ್ಟ್ರೋಕ್ ಎಂಜಿನ್‌ಗಳಿಗೆ ಸಂಬಂಧಿಸಿದ್ದು.

ಅಳತೆ ತಪ್ಪಲು ಕಾರಣಗಳು

ಕಾರು ಸಮತಟ್ಟಾದ ನೆಲದ ಮೇಲೆ ನಿಂತಿರುತ್ತದೆ. ಔಟ್‌ಬೋರ್ಡ್ ಹಾಗಲ್ಲ. ಅದು ದೋಣಿಯ ಹಿಂಬದಿಯ ಹಲಗೆಗೆ ಕಚ್ಚಿಕೊಂಡು ನಿಂತಿದ್ದು, ದೋಣಿ ವಾಲಿದಂತೆ ತಾನೂ ವಾಲುತ್ತದೆ. ಅಳತೆ ತಪ್ಪಲು ಮುಖ್ಯವಾಗಿ ನಾಲ್ಕು ಕಾರಣಗಳಿವೆ.

ಮೊದಲನೆಯದು ಓರೆ. ಸಂಪ್‌ನಲ್ಲಿರುವ ಆಯಿಲ್ ನೀರಿನಂತೆಯೇ ತನ್ನ ಮಟ್ಟವನ್ನು ತಾನು ಕಾಯ್ದುಕೊಳ್ಳುತ್ತದೆ. ಎಂಜಿನ್ ಓರೆಯಾದರೆ ಒಂದು ಬದಿಯಲ್ಲಿ ಆಯಿಲ್ ಏರಿ ಇನ್ನೊಂದು ಬದಿಯಲ್ಲಿ ಇಳಿಯುತ್ತದೆ. ಉದಾಹರಣೆಗೆ, ಸಂಪ್ 15 ಸೆಂಟಿಮೀಟರ್ ಅಗಲವಿದ್ದು ಕಡ್ಡಿಯು ಅದರ ಒಂದು ಅಂಚಿನಲ್ಲಿ ಇಳಿಯುತ್ತದೆ ಎಂದಿಟ್ಟುಕೊಳ್ಳೋಣ. ಎಂಜಿನ್ ಕೇವಲ 5 ಡಿಗ್ರಿ ವಾಲಿದರೂ ಆ ಅಂಚಿನಲ್ಲಿ ಆಯಿಲ್‌ನ ಮಟ್ಟ ಸುಮಾರು 6.5 ಮಿಲಿಮೀಟರ್ ಏರುತ್ತದೆ ಅಥವಾ ಇಳಿಯುತ್ತದೆ. ಕಡ್ಡಿಯ ಮೇಲಿನ ಎರಡು ಗುರುತುಗಳ ನಡುವಿನ ಅಂತರವೇ ಚಿಕ್ಕದಾಗಿರುವಾಗ ಇಷ್ಟು ವ್ಯತ್ಯಾಸವು ಕಡಿಮೆ ಇರುವ ಆಯಿಲ್ ಅನ್ನು ಭರ್ತಿಯೆಂದೂ, ಭರ್ತಿ ಇರುವುದನ್ನು ಕಡಿಮೆಯೆಂದೂ ತೋರಿಸಬಲ್ಲದು.

ಎರಡನೆಯದು ಸಮಯ. ಎಂಜಿನ್ ಓಡುತ್ತಿರುವಾಗ ಆಯಿಲ್‌ನ ಗಣನೀಯ ಪಾಲು ಮೇಲ್ಭಾಗದಲ್ಲಿ ಹಂಚಿಹೋಗಿರುತ್ತದೆ. ನಿಲ್ಲಿಸಿದ ಕೂಡಲೇ ಅದೆಲ್ಲ ಕೆಳಗಿಳಿಯುವುದಿಲ್ಲ. ಆಗಲೇ ಕಡ್ಡಿ ಎಳೆದರೆ ಆಯಿಲ್ ಕಡಿಮೆಯಿದೆ ಎಂದು ಕಾಣುತ್ತದೆ. ಅದನ್ನು ನಂಬಿ ಸುರಿದರೆ ಮರುದಿನ ಬೆಳಿಗ್ಗೆ ಮಟ್ಟ ಮೇಲಿನ ಗುರುತನ್ನೂ ದಾಟಿರುತ್ತದೆ.

ಮೂರನೆಯದು ಮೇಲಕ್ಕೆತ್ತಿ ನಿಲ್ಲಿಸುವ ರೂಢಿ. ಪ್ರೊಪೆಲ್ಲರ್ ಮರಳಿಗೆ ತಾಗದಿರಲೆಂದು ದಡದಲ್ಲಿ ಎಂಜಿನ್ ಅನ್ನು ಎತ್ತಿ ನಿಲ್ಲಿಸುವುದು ಸಾಮಾನ್ಯ. ಹೀಗೆ ಎತ್ತಿಟ್ಟ ಎಂಜಿನ್ ಅನ್ನು ಇಳಿಸಿದ ತಕ್ಷಣ ಅಳೆದರೆ ಆಯಿಲ್ ಇನ್ನೂ ತನ್ನ ಜಾಗಕ್ಕೆ ಬಂದಿರುವುದಿಲ್ಲ. ಚಿಕ್ಕ ಎಂಜಿನ್‌ಗಳನ್ನು ಕಳಚಿ ಮನೆಗೆ ಒಯ್ಯುವವರು ಇನ್ನೂ ಹೆಚ್ಚಿನ ಎಚ್ಚರ ವಹಿಸಬೇಕು. ಟೂ ಸ್ಟ್ರೋಕ್ ಎಂಜಿನ್ ಅನ್ನು ಹೇಗೆ ಮಲಗಿಸಿದರೂ ನಡೆಯುತ್ತಿತ್ತು. ಫೋರ್ ಸ್ಟ್ರೋಕ್ ಎಂಜಿನ್ ಅನ್ನು ಯಾವ ಬದಿಗೆ ಮಲಗಿಸಬೇಕೆಂಬ ಸೂಚನೆ ಕೈಪಿಡಿಯಲ್ಲಿರುತ್ತದೆ, ಹಲವು ಮಾದರಿಗಳಲ್ಲಿ ಎಂಜಿನ್‌ನ ಮೇಲೆಯೇ ಚೀಟಿ ಅಂಟಿಸಿರುತ್ತದೆ. ತಪ್ಪು ಬದಿಗೆ ಮಲಗಿಸಿದರೆ ಸಂಪ್‌ನ ಆಯಿಲ್ ಸಿಲಿಂಡರ್‌ಗೆ ನುಗ್ಗುವ ಸಾಧ್ಯತೆಯಿದೆ. ಆ ಸ್ಥಿತಿಯಲ್ಲಿ ಸ್ಟಾರ್ಟ್ ಮಾಡಲು ಯತ್ನಿಸಿದರೆ ಒಳಭಾಗಗಳಿಗೆ ಪೆಟ್ಟಾಗಬಹುದು.

ನಾಲ್ಕನೆಯದು ಒರೆಸದ ಕಡ್ಡಿ. ಮೊದಲ ಬಾರಿ ಎಳೆದಾಗ ಕಡ್ಡಿಯ ಮೇಲೆ ಕಾಣುವುದು ಆಯಿಲ್‌ನ ಮಟ್ಟವಲ್ಲ, ಎಂಜಿನ್ ಓಡುವಾಗ ಸಿಡಿದು ಮೆತ್ತಿಕೊಂಡ ಆಯಿಲ್. ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಸರಿಯಾಗಿ ಅಳೆಯುವ ಕ್ರಮ

ಅಳತೆಗೆ ಅತ್ಯಂತ ಸೂಕ್ತ ಸಮಯ ಮುಂಜಾನೆ, ದೋಣಿಯನ್ನು ನೀರಿಗೆ ನೂಕುವ ಮೊದಲು. ರಾತ್ರಿಯಿಡೀ ನಿಂತ ಎಂಜಿನ್ ತಣ್ಣಗಿರುತ್ತದೆ, ಆಯಿಲ್ ಕೆಳಗಿಳಿದಿರುತ್ತದೆ, ಅಲೆಯ ತೊನೆದಾಟವೂ ಇರುವುದಿಲ್ಲ. ಎಷ್ಟು ಹೊತ್ತು ಬಿಡಬೇಕೆಂಬುದರಲ್ಲಿ ಕಂಪೆನಿಯಿಂದ ಕಂಪೆನಿಗೆ ವ್ಯತ್ಯಾಸವಿದ್ದು, ಕೈಪಿಡಿಯ ಮಾತೇ ಅಂತಿಮ. ಅನುಸರಿಸಬೇಕಾದ ಕ್ರಮ ಹೀಗಿದೆ:

1. ಎಂಜಿನ್ ಸಂಪೂರ್ಣ ನಿಂತಿರಬೇಕು. ಸುರಕ್ಷತೆಯ ಹಗ್ಗ ಜೋಡಿಸುವ ಕ್ಲಿಪ್ ಅನ್ನು ತೆಗೆದಿಡಬೇಕು. ಕೀಲಿಯಿರುವ ಮಾದರಿಯಾದರೆ ಕೀಲಿಯನ್ನೂ ತೆಗೆಯಬೇಕು.

2. ಎಂಜಿನ್ ಎತ್ತಿಟ್ಟ ಸ್ಥಿತಿಯಲ್ಲಿದ್ದರೆ ಇಳಿಸಿ, ನೇರವಾಗಿ ನಿಲ್ಲಿಸಿ ಕೆಲವು ನಿಮಿಷ ಬಿಡಬೇಕು. ಕೆಲವು ತಯಾರಕರ ಕೈಪಿಡಿಗಳು, ಎಂಜಿನ್ ಅನ್ನು ಒಮ್ಮೆ ಪೂರ್ತಿ ಮೇಲಕ್ಕೆತ್ತಿ ಸ್ವಲ್ಪ ಹೊತ್ತು ಹಿಡಿದು, ಒಳಗೆ ಸಿಕ್ಕಿಕೊಂಡ ಆಯಿಲ್ ಸಂಪ್‌ಗೆ ಹರಿದ ನಂತರ ಇಳಿಸಿ ಅಳೆಯುವಂತೆ ಸೂಚಿಸುತ್ತವೆ. ನಿಮ್ಮ ಎಂಜಿನ್‌ನ ಕೈಪಿಡಿಯಲ್ಲಿ ಆ ಮಾತಿದ್ದರೆ ಮಾತ್ರ ಹಾಗೆ ಮಾಡಬೇಕು.

3. ಎಂಜಿನ್ ನಿಜಕ್ಕೂ ನೇರವಾಗಿದೆಯೇ ಎಂದು ಪರೀಕ್ಷಿಸಬೇಕು. ಇಳಿಜಾರಾದ ಮರಳಿನ ಮೇಲೆ ದೋಣಿಯ ಮೂತಿ ಮೇಲಾಗಿದ್ದರೆ, ಎಂಜಿನ್ ಪೂರ್ತಿ ಇಳಿದಿದ್ದರೂ ಅದು ನೇರವಾಗಿರುವುದಿಲ್ಲ. ಗಾಳದ ದಾರಕ್ಕೆ ಸೀಸದ ಗುಂಡನ್ನು ಕಟ್ಟಿ ಎಂಜಿನ್‌ನ ಪಕ್ಕದಲ್ಲಿ ಇಳಿಬಿಟ್ಟರೆ ಗಾರೆ ಕೆಲಸದವರ ತೂಗುಗುಂಡಿನಂತೆ ಅದು ಕೆಲಸ ಮಾಡುತ್ತದೆ. ಬದಿಯಿಂದಲೂ ಹಿಂದಿನಿಂದಲೂ, ಹೀಗೆ ಎರಡು ಕಡೆಯಿಂದ ನೋಡಬೇಕು. ಓರೆಯಿದ್ದರೆ ಎಂಜಿನ್‌ನ ಕೋನ ಬದಲಿಸುವ ಪಿನ್ ಅನ್ನು ಸರಿಸಿ, ಇಲ್ಲವೇ ದೋಣಿಯ ಅಡಿಗೆ ಮರದ ತುಂಡು ಕೊಟ್ಟು ಸರಿಪಡಿಸಬೇಕು.

4. ಮೇಲಿನ ಕವಚವನ್ನು ತೆಗೆದು ಕಡ್ಡಿಯನ್ನು ಹೊರಗೆಳೆಯಬೇಕು. ನೂಲು ಬಿಡದ ಸ್ವಚ್ಛ ಬಟ್ಟೆಯಿಂದ ಅದನ್ನು ಪೂರ್ತಿ ಒರೆಸಬೇಕು. ಕೈಗೆ ಅಂಟಿದ ಮರಳು ಅಥವಾ ಉಪ್ಪುನೀರು ಕಡ್ಡಿಯ ಮೂಲಕ ಒಳಸೇರದಂತೆ ನೋಡಿಕೊಳ್ಳಬೇಕು.

5. ಕಡ್ಡಿಯನ್ನು ಮತ್ತೆ ಕೊನೆಯವರೆಗೂ ಇಳಿಸಿ, ಹೊರತೆಗೆದು ನೋಡಬೇಕು. ತಿರುಪಿನ ಕಡ್ಡಿಯಿರುವ ಮಾದರಿಗಳಲ್ಲಿ ತಿರುಗಿಸಿ ಬಿಗಿಮಾಡಿ ಅಳೆಯಬೇಕೋ, ಸುಮ್ಮನೆ ಇಳಿಸಿ ಅಳೆಯಬೇಕೋ ಎಂಬುದನ್ನು ಕೈಪಿಡಿಯಿಂದ ತಿಳಿಯಬೇಕು. ಈ ಒಂದು ತಪ್ಪಿನಿಂದಲೇ ತಿರುಪಿನ ಎತ್ತರದಷ್ಟು ವ್ಯತ್ಯಾಸ ಬರುತ್ತದೆ.

6. ಕಡ್ಡಿಯ ಎರಡೂ ಮುಖಗಳನ್ನು ನೋಡಬೇಕು. ಒಂದು ಮುಖದಲ್ಲಿ ಆಯಿಲ್ ಹೆಚ್ಚು ಎತ್ತರಕ್ಕೆ ಕಂಡರೆ ಅದು ಕೊಳವೆಯ ಗೋಡೆಗೆ ಸವರಿದ್ದಿರಬಹುದು. ಕೆಳಗಿನ ಅಂಚನ್ನೇ ನಂಬುವುದು ಕ್ಷೇಮ. ಸಂಶಯ ಬಂದರೆ ಒರೆಸಿ ಇನ್ನೊಮ್ಮೆ ಇಳಿಸಬೇಕು. ಎರಡು ಬಾರಿ ಒಂದೇ ಮಟ್ಟ ಬಂದರೆ ಅದನ್ನು ನಿಜವೆಂದು ಭಾವಿಸಬಹುದು.

ಕೆಲವು ಸಣ್ಣ ಎಂಜಿನ್‌ಗಳಲ್ಲಿ ಕಡ್ಡಿಯ ಬದಲು ಗಾಜಿನ ಕಿಂಡಿಯಿರುತ್ತದೆ. ಅಲ್ಲಿಯೂ ಎಂಜಿನ್ ನೇರವಾಗಿರಬೇಕೆಂಬ ನಿಯಮ ಬದಲಾಗುವುದಿಲ್ಲ.

ಕಡಿಮೆಯಾದರೆ, ಹೆಚ್ಚಾದರೆ

ಮಟ್ಟವು ಎರಡು ಗುರುತುಗಳ ನಡುವೆ ಇದ್ದರೆ ಆಯಿಲ್ ಸೇರಿಸುವ ಅಗತ್ಯವಿಲ್ಲ. ಪ್ರತಿ ದಿನ ಮೇಲಿನ ಗುರುತಿಗೇ ಮುಟ್ಟಿಸಬೇಕೆಂಬ ಹಟವೂ ಬೇಡ. ಕೆಳಗಿನ ಗುರುತಿಗಿಂತ ಇಳಿದಿದ್ದರೆ ಎಂಜಿನ್ ಓಡಿಸಬಾರದು. ಅಲೆಗೆ ದೋಣಿ ಏರಿ ಇಳಿಯುವಾಗ ಸಂಪ್‌ನಲ್ಲಿ ಉಳಿದಿರುವ ಅಲ್ಪ ಆಯಿಲ್ ಒಂದು ಬದಿಗೆ ಸರಿದು, ಪಂಪ್ ಆಯಿಲ್ ಬದಲು ಗಾಳಿಯನ್ನು ಎಳೆಯುತ್ತದೆ. ಬೇರಿಂಗ್‌ಗಳು ಸವೆದು ಎಂಜಿನ್ ಜಾಮ್ ಆಗಲು ಇದು ಸಾಕು.

ಸೇರಿಸುವಾಗ ಒಮ್ಮೆಲೇ ಸುರಿಯಬಾರದು. ಸುಮಾರು 100 ಮಿಲಿಲೀಟರ್ ಹಾಕಿ, ಅದು ಕೆಳಗಿಳಿಯಲು ಕೆಲವು ನಿಮಿಷ ಬಿಟ್ಟು ಮತ್ತೆ ಅಳೆಯಬೇಕು. ಹಾಕುವುದು ಸುಲಭ, ತೆಗೆಯುವುದು ಕಷ್ಟ.

ಆಯಿಲ್ ಹೆಚ್ಚಿದ್ದರೆ ಒಳ್ಳೆಯದೇ ಎಂಬ ಭಾವನೆ ಹಲವರಲ್ಲಿದೆ. ಇದು ತಪ್ಪು. ಹೆಚ್ಚುವರಿ ಆಯಿಲ್ ಉಸಿರಾಟದ ಕೊಳವೆಯ ಮೂಲಕ ಗಾಳಿ ಒಳಸೇರುವ ದಾರಿಗೆ ನುಗ್ಗುತ್ತದೆ. ಎಂಜಿನ್ ನೀಲಿ ಹೊಗೆ ಉಗುಳತೊಡಗುತ್ತದೆ, ಪ್ಲಗ್‌ಗಳು ಮಸಿ ಹಿಡಿಯುತ್ತವೆ, ಸೀಲ್‌ಗಳಲ್ಲಿ ಸೋರಿಕೆ ಆರಂಭವಾಗುತ್ತದೆ. ಮೇಲಿನ ಗುರುತನ್ನು ದಾಟಿದ್ದರೆ ಹೆಚ್ಚಾದಷ್ಟನ್ನು ತೆಗೆದ ಮೇಲೆಯೇ ಹೊರಡಬೇಕು.

ಹಾಕದೆಯೇ ಮಟ್ಟ ಏರಿದರೆ ಅಪಾಯ

ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದ ಸಂಗತಿ ಇದು. ಯಾರೂ ಆಯಿಲ್ ಹಾಕಿಲ್ಲ, ಆದರೂ ವಾರದಿಂದ ವಾರಕ್ಕೆ ಕಡ್ಡಿಯ ಮೇಲಿನ ಮಟ್ಟ ಏರುತ್ತಿದೆ ಎಂದಾದರೆ, ಸಂಪ್‌ಗೆ ಬೇರೇನೋ ಸೇರುತ್ತಿದೆ ಎಂದರ್ಥ. ಅದು ಪೆಟ್ರೋಲ್ ಇಲ್ಲವೇ ನೀರು.

ಬಲೆ ಬಿಡುವಾಗ, ಗಾಳ ಎಳೆಯುವಾಗ ಎಂಜಿನ್ ಬಹಳ ಹೊತ್ತು ನಿಧಾನಗತಿಯಲ್ಲಿ ಓಡುತ್ತದೆ. ಆಗ ಅದು ಸರಿಯಾಗಿ ಬಿಸಿಯೇರುವುದಿಲ್ಲ. ಉರಿಯದೆ ಉಳಿದ ಪೆಟ್ರೋಲ್ ಪಿಸ್ಟನ್ ರಿಂಗ್‌ಗಳ ಸಂದಿನಿಂದ ಕೆಳಗಿಳಿದು ಆಯಿಲ್ ಸೇರುತ್ತದೆ. ತಂಪು ನೀರಿನ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದ್ದರೆ ಈ ತೊಂದರೆ ಇನ್ನೂ ಹೆಚ್ಚು. ಕಾರ್ಬುರೇಟರ್ ಮಾದರಿಗಳಲ್ಲಿ ಫ್ಯೂಯೆಲ್ ಪಂಪ್‌ನ ಒಳಪೊರೆ ಹರಿದರೂ ಪೆಟ್ರೋಲ್ ಸಂಪ್‌ಗೆ ಹರಿಯಬಹುದು. ಕಡ್ಡಿಯನ್ನು ಮೂಗಿನ ಬಳಿ ಹಿಡಿದರೆ ಪೆಟ್ರೋಲ್ ವಾಸನೆ ಸ್ಪಷ್ಟವಾಗಿ ತಿಳಿಯುತ್ತದೆ. ಬೆರಳುಗಳ ನಡುವೆ ಉಜ್ಜಿದಾಗ ಆಯಿಲ್ ನೀರಾಗಿರುವುದೂ ಗೊತ್ತಾಗುತ್ತದೆ.

ಇಲ್ಲಿ ಕಡ್ಡಿಯ ಅಳತೆ ಮೋಸಗೊಳಿಸುತ್ತದೆ. ಎಂಜಿನ್ ಒಂದಿಷ್ಟು ಆಯಿಲ್ ಕಳೆದುಕೊಂಡು ಅಷ್ಟೇ ಪ್ರಮಾಣದ ಪೆಟ್ರೋಲ್ ಸೇರಿಸಿಕೊಂಡಿದ್ದರೆ ಮಟ್ಟವು ತಿಂಗಳುಗಟ್ಟಲೆ ಅಲುಗಾಡದೆ ನಿಂತಂತೆ ಕಾಣುತ್ತದೆ. ಒಳಗಿರುವುದು ಮಾತ್ರ ತೆಳುವಾದ, ಬೇರಿಂಗ್‌ಗಳನ್ನು ಕಾಯಲಾರದ ದ್ರವ. ಆದುದರಿಂದ ಮಟ್ಟದ ಜೊತೆಗೆ ವಾಸನೆ, ಬಣ್ಣ ಮತ್ತು ಜಿಗುಟನ್ನು ನೋಡುವುದೂ ಅಳತೆಯ ಭಾಗವೇ ಆಗಿದೆ.

ಆಯಿಲ್ ಹಾಲು ಬೆರೆಸಿದ ಚಹಾದಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದು ತಿಳಿಯಬೇಕು. ದೋಣಿ ಮಗುಚಿ ಎಂಜಿನ್ ಮುಳುಗಿದಾಗ, ಅಥವಾ ಗ್ಯಾಸ್ಕೆಟ್ ಹಾಳಾದಾಗ ಹೀಗಾಗುತ್ತದೆ. ಉಪ್ಪುನೀರು ಸೇರಿದ ಎಂಜಿನ್ ಅನ್ನು ಒಂದು ದಿನವೂ ಹಾಗೆಯೇ ಬಿಡಬಾರದು. ಬೇರಿಂಗ್‌ಗಳಿಗೆ ತುಕ್ಕು ಹಿಡಿಯಲು ಹೆಚ್ಚು ಸಮಯ ಬೇಕಿಲ್ಲ. ಬಣ್ಣ ಕಪ್ಪಾಗಿರುವುದು ಮಾತ್ರ ಗಾಬರಿಯ ವಿಷಯವಲ್ಲ, ಬಳಸಿದ ಆಯಿಲ್ ಕಪ್ಪಾಗುವುದು ಸಹಜ.

ಮೇಲಿನ ಎರಡೂ ಸಂದರ್ಭಗಳಲ್ಲಿ ಹೆಚ್ಚಾದುದನ್ನು ಹೊರಚೆಲ್ಲಿ ಮಟ್ಟ ಸರಿಮಾಡಿದರೆ ಪ್ರಯೋಜನವಿಲ್ಲ. ಆಯಿಲ್ ಅನ್ನು ಪೂರ್ತಿ ಬದಲಿಸಿ, ಕಾರಣವನ್ನು ಮೆಕ್ಯಾನಿಕ್ ಮೂಲಕ ಹುಡುಕಿ ಸರಿಪಡಿಸಬೇಕು.

ಬಝರ್ ಇದೆಯಲ್ಲ ಎಂಬ ಭರವಸೆ ಸಾಲದು

ಫೋರ್ ಸ್ಟ್ರೋಕ್ ಎಂಜಿನ್‌ಗಳಲ್ಲಿ ಆಯಿಲ್‌ಗೆ ಸಂಬಂಧಿಸಿದ ಎಚ್ಚರಿಕೆಯ ದೀಪ ಅಥವಾ ಬಝರ್ ಇರುತ್ತದೆ. ಹಲವು ಮಾದರಿಗಳಲ್ಲಿ ಎಂಜಿನ್‌ನ ವೇಗವೂ ತಾನಾಗಿಯೇ ತಗ್ಗುತ್ತದೆ. ಆದರೆ ಸಾಮಾನ್ಯವಾಗಿ ಈ ವ್ಯವಸ್ಥೆ ಗಮನಿಸುವುದು ಆಯಿಲ್‌ನ ಒತ್ತಡವನ್ನೇ ಹೊರತು ಮಟ್ಟವನ್ನಲ್ಲ. ಪಂಪ್‌ಗೆ ಆಯಿಲ್ ಸಿಗುವವರೆಗೂ ಒತ್ತಡ ಇರುತ್ತದೆ, ಬಝರ್ ಸುಮ್ಮನಿರುತ್ತದೆ. ಅದು ಕೂಗುವ ಹೊತ್ತಿಗೆ ಬೇರಿಂಗ್‌ಗಳು ಅಪಾಯದಲ್ಲಿರುತ್ತವೆ. ಕೂಗಿದ ಕೂಡಲೇ, ಸುರಕ್ಷಿತವಾಗಿ ಸಾಧ್ಯವಾದಷ್ಟು ಬೇಗ ಎಂಜಿನ್ ನಿಲ್ಲಿಸಿ ಮಟ್ಟ ನೋಡಬೇಕು. ಮಟ್ಟ ಸರಿಯಿದ್ದೂ ಬಝರ್ ನಿಲ್ಲದಿದ್ದರೆ ಮುಂದೆ ಓಡಿಸದೆ ಇನ್ನೊಂದು ದೋಣಿಯ ನೆರವಿನಿಂದ ದಡ ಸೇರುವುದು ಲೇಸು.

ಯಾವ ಆಯಿಲ್, ಯಾವಾಗ ಬದಲಾವಣೆ?

ಟೂ ಸ್ಟ್ರೋಕ್ ಔಟ್‌ಬೋರ್ಡ್‌ಗೆ ‘ಟಿಸಿ-ಡಬ್ಲ್ಯು3’, ಫೋರ್ ಸ್ಟ್ರೋಕ್ ಔಟ್‌ಬೋರ್ಡ್‌ಗೆ ‘ಎಫ್‌ಸಿ-ಡಬ್ಲ್ಯು’ ಎಂಬ ಗುರುತುಗಳನ್ನು ಡಬ್ಬಿಯ ಮೇಲೆ ನೋಡಬಹುದು. ಅಮೆರಿಕದ ನ್ಯಾಷನಲ್ ಮರೈನ್ ಮ್ಯಾನುಫ್ಯಾಕ್ಚರರ್ಸ್ ಅಸೋಸಿಯೇಷನ್ ಜಲವಾಹನಗಳ ಎಂಜಿನ್‌ಗಳಿಗೆಂದೇ ನಿಗದಿಪಡಿಸಿದ ಗುಣಮಟ್ಟಗಳಿವು. ಒಂದರ ಬದಲು ಇನ್ನೊಂದನ್ನು ಬಳಸುವಂತಿಲ್ಲ. ಫೋರ್ ಸ್ಟ್ರೋಕ್‌ಗೆ 10ಡಬ್ಲ್ಯು-30 ಅಥವಾ 10ಡಬ್ಲ್ಯು-40 ದಪ್ಪದ ಆಯಿಲ್ ಅನ್ನು ಹಲವು ಕಂಪೆನಿಗಳು ಸೂಚಿಸುತ್ತವೆ.

ಸಾಮಾನ್ಯವಾಗಿ ಹೊಸ ಎಂಜಿನ್‌ಗೆ ಮೊದಲ ಬದಲಾವಣೆ ಸುಮಾರು 20 ಗಂಟೆ ಓಡಿದ ಮೇಲೆ, ನಂತರ ಪ್ರತಿ 100 ಗಂಟೆಗೊಮ್ಮೆ. ದಿನಕ್ಕೆ 5 ಗಂಟೆ ಓಡುವ ದೋಣಿಗೆ 100 ಗಂಟೆ ಎಂದರೆ 20 ದಿನಗಳ ಕೆಲಸವಷ್ಟೇ. ಮನರಂಜನೆಗೆ ದೋಣಿ ಬಳಸುವವರಿಗೆ ವರ್ಷಕ್ಕೊಮ್ಮೆ ಸಾಕಾಗಬಹುದಾದ ಬದಲಾವಣೆಯು ನಮ್ಮ ಮೀನುಗಾರರಿಗೆ ತಿಂಗಳಿಗೊಮ್ಮೆ ಬರುತ್ತದೆ. ಬದಲಿಸಿದ ನಂತರ ಎಂಜಿನ್ ಅನ್ನು ಕೆಲವು ನಿಮಿಷ ಓಡಿಸಿ, ನಿಲ್ಲಿಸಿ, ಆಯಿಲ್ ಇಳಿಯಲು ಬಿಟ್ಟು ಮತ್ತೆ ಅಳೆಯಬೇಕು. ಹೊಸ ಫಿಲ್ಟರ್ ತನ್ನೊಳಗೆ ಸ್ವಲ್ಪ ಆಯಿಲ್ ತುಂಬಿಕೊಳ್ಳುವುದರಿಂದ ಮಟ್ಟ ತುಸು ಇಳಿಯುವುದುಂಟು.

ಗೇರ್ ಆಯಿಲ್ ಮರೆಯಬೇಡಿ

ಟೂ ಸ್ಟ್ರೋಕ್ ಇರಲಿ, ಫೋರ್ ಸ್ಟ್ರೋಕ್ ಇರಲಿ, ನೀರಿನಲ್ಲಿ ಮುಳುಗಿರುವ ಕೆಳಭಾಗದ ಗೇರ್ ಪೆಟ್ಟಿಗೆಯಲ್ಲಿ ಪ್ರತ್ಯೇಕ ಆಯಿಲ್ ಇರುತ್ತದೆ. ಇದಕ್ಕೆ ಕಡ್ಡಿಯಿಲ್ಲ, ಎರಡು ತಿರುಪುಗಳಿರುತ್ತವೆ. ಎಂಜಿನ್ ನೇರವಾಗಿ ನಿಂತಿರುವಾಗ ಮೇಲಿನ ತಿರುಪು ಬಿಚ್ಚಿದರೆ ಆಯಿಲ್ ಆ ರಂಧ್ರದ ಅಂಚಿನವರೆಗೆ ಇರಬೇಕು. ರಾತ್ರಿಯಿಡೀ ನಿಂತ ಎಂಜಿನ್‌ನ ಕೆಳಗಿನ ತಿರುಪನ್ನು ತುಸು ಸಡಿಲಿಸಿದಾಗ ಮೊದಲು ನೀರು ಬಂದರೆ ಸೀಲ್ ಹಾಳಾಗಿದೆ ಎಂದರ್ಥ. ನೀರು ಆಯಿಲ್‌ಗಿಂತ ಭಾರವಾದುದರಿಂದ ಕೆಳಗೆ ನಿಲ್ಲುತ್ತದೆ.

ಮೀನುಗಾರಿಕೆ ದೋಣಿಗಳಲ್ಲಿ ಈ ಸೀಲ್‌ಗೆ ದೊಡ್ಡ ಶತ್ರು ಬಲೆಯ ನೂಲು. ಪ್ರೊಪೆಲ್ಲರ್‌ಗೆ ಸುತ್ತಿಕೊಂಡ ನೈಲಾನ್ ಎಳೆ ಒಳಸರಿದು ಶಾಫ್ಟ್‌ನ ಸೀಲ್ ಅನ್ನು ಕೊಯ್ಯುತ್ತದೆ. ನೂಲು ಸುತ್ತಿದಾಗಲೆಲ್ಲ ಪ್ರೊಪೆಲ್ಲರ್ ಕಳಚಿ ಹಿಂಬದಿಯನ್ನು ಪರಿಶೀಲಿಸುವುದು ಒಳಿತು. ಗೇರ್ ಆಯಿಲ್ ತುಂಬುವಾಗ ಕೆಳಗಿನ ರಂಧ್ರದಿಂದ ಒತ್ತಿ, ಮೇಲಿನ ರಂಧ್ರದಲ್ಲಿ ಗುಳ್ಳೆಯಿಲ್ಲದೆ ಹೊರಬರುವವರೆಗೆ ತುಂಬಬೇಕು. ಮೊದಲು ಮೇಲಿನ ತಿರುಪು, ಅನಂತರ ಕೆಳಗಿನದು. ವಾಷರ್‌ಗಳು ಹೊಸದಾಗಿರಲಿ.

ಒಂದು ಪುಸ್ತಕದಲ್ಲಿ ಬರೆದಿಡಿ

ಒಂದು ದಿನದ ಅಳತೆಗಿಂತ ಒಂದು ತಿಂಗಳ ಅಳತೆಗಳ ಸಾಲು ಹೆಚ್ಚು ಉಪಯುಕ್ತ. ದಿನಾಂಕ, ಓಡಿದ ಗಂಟೆ, ಕಡ್ಡಿಯ ಮೇಲಿನ ಮಟ್ಟ, ಬಣ್ಣ, ಹಾಕಿದ ಆಯಿಲ್‌ನ ಪ್ರಮಾಣ, ಇಷ್ಟನ್ನು ಒಂದು ಸಣ್ಣ ಪುಸ್ತಕದಲ್ಲಿ ಬರೆದಿಟ್ಟರೆ ಮಟ್ಟ ಇಳಿಯುತ್ತಿದೆಯೇ, ಏರುತ್ತಿದೆಯೇ ಎಂಬುದು ತಾನಾಗಿ ಗೊತ್ತಾಗುತ್ತದೆ. ಪ್ರತಿ ದಿನವೂ ಒಂದೇ ಜಾಗದಲ್ಲಿ, ಒಂದೇ ರೀತಿಯಲ್ಲಿ, ಸಾಧ್ಯವಾದರೆ ಒಬ್ಬನೇ ವ್ಯಕ್ತಿ ಅಳೆಯುವುದು ಉತ್ತಮ. ಬದಲಿಸಿದ ಹಳೆಯ ಆಯಿಲ್ ಅನ್ನು ಬಂದರಿನ ನೀರಿಗೆ ಅಥವಾ ಮರಳಿಗೆ ಸುರಿಯದೆ ಡಬ್ಬಿಯಲ್ಲಿ ಸಂಗ್ರಹಿಸಿ, ಹಳೆ ಆಯಿಲ್ ಕೊಳ್ಳುವವರಿಗೆ ಒಪ್ಪಿಸಬೇಕು.

ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದು, 10 ಅಶ್ವಶಕ್ತಿಯೊಳಗಿನ ಎಂಜಿನ್‌ನ ನಾಡದೋಣಿಗಳು ಮಾತ್ರ ಕಡಲಿಗಿಳಿಯುತ್ತವೆ. ಕಡಲು ಅತ್ಯಂತ ಪ್ರಕ್ಷುಬ್ಧವಾಗಿರುವ, ದೊಡ್ಡ ಬೋಟುಗಳೆಲ್ಲ ದಕ್ಕೆಯಲ್ಲಿ ನಿಂತಿರುವ ಕಾಲವದು. ಎಂಜಿನ್ ಕೈಕೊಟ್ಟರೆ ಹಗ್ಗ ಎಸೆದು ಎಳೆಯಲು ಹತ್ತಿರದಲ್ಲಿ ಬೋಟು ಇರುವ ಸಾಧ್ಯತೆಯೂ ಕಡಿಮೆ. ಹಾಗಾಗಿ ಮಳೆಗಾಲದ ಮೀನುಗಾರಿಕೆಗೆ ಸಿದ್ಧರಾಗುವವರು ಬಲೆ, ಹಗ್ಗ, ಲೈಫ್ ಜಾಕೆಟ್‌ಗಳ ಪಟ್ಟಿಗೆ ಎಂಜಿನ್ ನೇರ ನಿಲ್ಲಿಸಿ ಕಡ್ಡಿ ಎರಡು ಬಾರಿ ಇಳಿಸಿ ನೋಡುವ ಕೆಲಸವನ್ನೂ ಸೇರಿಸಿಕೊಳ್ಳುವುದು ಅಗತ್ಯ. ಅದಕ್ಕೆ ಬೇಕಾಗುವುದು ಒಂದು ಬಟ್ಟೆ ತುಂಡು ಮತ್ತು ಐದು ನಿಮಿಷ.